ಬಾವಿಕಟ್ಟೆಯ ಮೇಲಿನ ಬಿಳಿ ಟೋಪಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಪಕ್ಕದ ಮನೆಯ ರಿಕ್ಕೆಗೆ ಆದದ್ದು.

ನಮ್ಮ ಬೋರ್ನ್‌ಹಾಲ್ಮ್ ದ್ವೀಪದಲ್ಲಿ ಜೂನ್ ತಿಂಗಳ ರಾತ್ರಿ ಪೂರ್ತಿ ಕಪ್ಪಾಗುವುದಿಲ್ಲ. ನೀರು ಬೆರೆಸಿದ ಹಾಲಿನಂಥ ಒಂದು ಬೆಳಕು ಉಳಿದೇ ಇರುತ್ತದೆ. ಅಂಥ ರಾತ್ರಿ ರಿಕ್ಕೆ ತಾನು ಪ್ರೀತಿಸುವ ಹುಡುಗ ಆಂಕರ್ ಜೊತೆ ಹಳೇ ಬಾವಿಯ ದಾರಿಯಲ್ಲಿ ಮನೆಗೆ ಬರುತ್ತಿದ್ದಳು. ಆಂಕರನ ಕೊನೆಯ ಪರೀಕ್ಷೆ ಆವತ್ತೇ ಮುಗಿದಿತ್ತು. ಹೈಸ್ಕೂಲು ಮುಗಿಸಿದವರು ಹಾಕುವ ಕೆಂಪು ಪಟ್ಟಿಯ ಬಿಳಿ ಟೋಪಿ ಅವನ ತಲೆ ಮೇಲಿತ್ತು. ರಿಕ್ಕೆಗೆ ಇನ್ನೊಂದು ಬಾಕಿ. ಬೆಳಿಗ್ಗೆ ರಸಾಯನಶಾಸ್ತ್ರದ ಮೌಖಿಕ. ಪಾಸಾದರೆ ಕೋಪನ್‌ಹೇಗನ್ನಿನ ಕಾಲೇಜು, ಸೂಲಗಿತ್ತಿಯ ಓದು. ಆಂಕರ್ ಎಲ್ಲಿಗೂ ಹೋಗುವವನಲ್ಲ. ಅವನಪ್ಪ ಮೀನಿಗೆ ಹೊಗೆ ಹಾಕಿ ಮಾರುವ ಮನೆ ಇಟ್ಟಿದ್ದ, ಅದು ಅವನಿಗಾಗಿ ಕಾದಿತ್ತು.

ನಮ್ಮಲ್ಲಿ ಒಂದು ಮಾತಿದೆ. ಕೊನೆಯ ಪರೀಕ್ಷೆ ಮುಗಿಯುವ ತನಕ ಆ ಟೋಪಿ ತಲೆಗೆ ಏರಬಾರದು. ಏರಿದರೆ ನಪಾಸು. ನಮ್ಮಮ್ಮನ ಕಾಲದಲ್ಲಿ ಬೋಡಿಲ್ ಅನ್ನುವ ಹುಡುಗಿ ಆ ತಪ್ಪು ಮಾಡಿ ನಪಾಸಾದಳಂತೆ. ಜೊತೆಯವರೆಲ್ಲ ಹಡಗು ಹತ್ತಿದ ದಿನ ಇದೇ ಬಾವಿಗೆ ಬಿದ್ದಳು. ಕಟ್ಟೆಯ ಮೇಲೆ ಅವಳ ಬೂಟು ಮಾತ್ರ ಉಳಿದಿತ್ತು.

ಆ ಕಟ್ಟೆಯ ಹತ್ತಿರ ಆಂಕರ್ ನಿಂತ. ಅವಳನ್ನು ತಬ್ಬಿಕೊಂಡ. ಆಮೇಲೆ... ಟಪ್. ಟೋಪಿ ರಿಕ್ಕೆಯ ತಲೆ ಮೇಲೆ ಕೂತಿತ್ತು.

"ತಮಾಷೆಗೆ ಹಾಕ್ದೆ ತಾನೆ?" ಅವಳು ಪಿಸುಗುಟ್ಟಿದಳು.

ಅವನು ನೆಲ ನೋಡಿದ. "ನಪಾಸಾದ್ರೆ... ಇನ್ನೊಂದು ವರ್ಷ ಇಲ್ಲೇ ಇರ್ತೀಯಲ್ಲ ಅಂತ."

ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಇವನದಕ್ಕೆ ಬೀಗವೂ ಇತ್ತು. ರಿಕ್ಕೆಗೆ ಅಳು ಬಂತು, ಯಾಕೆಂದರೆ ಅವಳಿಗೂ ಅವನೆಂದರೆ ಪ್ರಾಣ. ಟೋಪಿ ಕಿತ್ತು ಕಟ್ಟೆಯ ಮೇಲಿಟ್ಟು ಹೊರಟೇಬಿಟ್ಟಳು. ಅವನು ಎರಡು ಸಲ ಕರೆದು, ಟೋಪಿಯನ್ನು ಅಲ್ಲೇ ಬಿಟ್ಟು ತನ್ನ ದಾರಿ ಹಿಡಿದ.

ಎಡಕ್ಕೆ ಗೋಧಿ ಹೊಲ, ಆಮೇಲೆ ಕಲ್ಲಿನ ಬೇಲಿ, ತಿರುವು ದಾಟಿದರೆ ಮನೆಯ ದೀಪ. ತಿರುವು ದಾಟಿದಳು... ಬಾವಿ.

ಸಿಟ್ಟಲ್ಲಿ ದಾರಿ ತಪ್ಪಿತೇನೋ ಅಂದುಕೊಂಡಳು. ಮತ್ತೆ ಹೊರಟಳು. ಹೊಲ, ಬೇಲಿ, ತಿರುವು... ಬಾವಿ. ಈ ಸಲ ಓಡಿದಳು. ಹಿಂದಿನಿಂದ ರಾಟೆಯ ಸದ್ದು. ಕಿರ್ರ್... ಕಿರ್ರ್... ಆ ರಾಟೆಗೆ ಹಗ್ಗ ಇಲ್ಲದೆ ಎಷ್ಟೋ ವರ್ಷವಾಗಿತ್ತು. ತಿರುವು ದಾಟಿದರೆ ಮತ್ತೆ ಬಾವಿಯೇ. ಕಟ್ಟೆಯ ಮೇಲಿದ್ದ ಟೋಪಿಯಿಂದ ನೀರು ಬೀಳುತ್ತಿತ್ತು. ತೊಟ್... ತೊಟ್...

ಮೊಬೈಲ್ ತೆಗೆದಳು. ಕರೆದರೆ ಆಂಕರ್ ಓಡಿ ಬರುತ್ತಾನೆ. ಬಂದರೆ ಅವನ ಕೈ ಹಿಡಿದೇ ಇಲ್ಲಿಂದ ಹೊರಡಬೇಕು. ಅದೂ ಇಲ್ಲೇ ಉಳಿಯುವ ದಾರಿಯೇ ಅನ್ನಿಸಿತು. ಮೊಬೈಲ್ ಒಳಗಿಟ್ಟಳು. ಬೆಳಗಾಗುವವರೆಗೂ ಹೀಗೇ ಸುತ್ತಿದರೆ ಪರೀಕ್ಷೆಯೂ ಹೋಯಿತು, ಕಾಲೇಜೂ ಹೋಯಿತು.

ಬಾವಿಯೊಳಗಿಂದ ಮೆಲ್ಲಗೆ ಒಂದು ದನಿ. "ನಿಂಗೂ... ನಿನ್ನ ಹುಡುಗನೇ ಹಾಕಿದ್ನಾ?"

ರಿಕ್ಕೆ "ಹೂಂ," ಅಂದಳು.

"ನಂಗೂ ಅಷ್ಟೇ. ನಾನೇ ಹಾಕ್ಕೊಂಡೆ ಅಂದ್ರು... ಎಲ್ರೂ."

ರಿಕ್ಕೆಗೆ ಭಯದ ಜೊತೆಗೆ ಕರುಳೂ ಚುರ್ ಅಂದಿತು. ಮೊಣಕೈಯಿಂದ ಟೋಪಿಯನ್ನು ಮೆತ್ತಗೆ ಬಾವಿಯೊಳಕ್ಕೆ ನೂಕಿದಳು.

"ನೀನೇ ಇಟ್ಕೋ ಅಕ್ಕ. ಹಡಗು ಹತ್ತುವಾಗ ಬೇಕಾಗುತ್ತೆ. ನನ್ನ ಬಿಟ್ಬಿಡು, ಬೆಳಿಗ್ಗೆ ಪರೀಕ್ಷೆ ಇದೆ."

ನೀರಿಗೆ ಬಿದ್ದ ಸದ್ದಿಗೆ ಕಾದಳು. ಸದ್ದೇ ಬರಲಿಲ್ಲ. ತಿರುಗಿ ನೋಡಿದರೆ ಹೊಲದಾಚೆಗೆ ಅವಳ ಮನೆಯ ದೀಪ.

ರಿಕ್ಕೆ ಪಾಸಾದಳು. ಹೇಳಿಕೊಳ್ಳುವಂಥ ಅಂಕವೇನಲ್ಲ, ಆದರೂ ಕಾಲೇಜು ಸಿಕ್ಕಿತು. ಆಗಸ್ಟಿನಲ್ಲಿ ಹಡಗುಕಟ್ಟೆಗೆ ಆಂಕರನೂ ಬಂದ. ತಪ್ಪಾಯಿತು ಅಂದ. ಅವಳು ಅವನ ಕೈ ತುಂಬ ಹೊತ್ತು ಹಿಡಿದುಕೊಂಡಳು, ಆಮೇಲೆ ಬಿಟ್ಟಳು. ಹಡಗು ಭೋಂ ಅಂತ ಕೂಗಿ ದಡ ಬಿಟ್ಟಿತು. ಮೇಲೆ ಅಂಚಿನ ಕಂಬಿ ಹಿಡಿದು ನಿಂತವಳಿಗೆ ಆಂಕರನ ಫೋನ್.

"ರಿಕ್ಕೆ... ನನ್ನ ಟೋಪಿ ಹಾಕ್ಕೊಂಡು ನಿನ್ನ ಪಕ್ಕ ನಿಂತಿರೋಳು ಯಾರೇ?"

ಅವಳು ತಿರುಗಿದಳು. ಯಾರೂ ಇರಲಿಲ್ಲ. ಒಣಗಿದ ಹಲಗೆಯ ಮೇಲೆ ಎರಡು ಒದ್ದೆ ಬರಿಗಾಲಿನ ಗುರುತು, ಬೆರಳು ಸಮುದ್ರದ ಕಡೆಗೆ.

ರಿಕ್ಕೆಯ ಟೋಪಿ ಅಂತೀರೇನೋ. ಅದು ಅವಳಮ್ಮನ ಕಪಾಟಿನಲ್ಲಿತ್ತು. ನಾನು ದಡದಲ್ಲಿ ಆಂಕರನ ಪಕ್ಕವೇ ನಿಂತಿದ್ದೆ, ಟೋಪಿ ಹಾಕಿದ್ದವಳನ್ನು ಕಣ್ಣಾರೆ ನೋಡಿದ್ದೇನೆ. ಹೋದ ವರ್ಷ ಆ ಬಾವಿಯ ನೀರು ಪೂರಾ ಎತ್ತಿಸಿದರು. ತಳದಲ್ಲಿ ತುಕ್ಕು ಹಿಡಿದ ಬಕೆಟ್ಟು ಸಿಕ್ಕಿತು. ಟೋಪಿ ಇರಲಿಲ್ಲ.