ಅಳುವ ಫೋಟೊ ಗೆದ್ದದ್ದು

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಪ್ರಫುಲ್ಲಾ ಟೀಚರ್ ಕಂಬಿ ಹಿಡಿದು ನಿಂತಿದ್ದರು. ಪಕ್ಕದ ಸೀಟಿನಲ್ಲಿ ಇಬ್ಬರು ಯುವಕರು ಕೂತಿದ್ದರು. ಒಬ್ಬನ ತೊಡೆಯ ಮೇಲೆ ಕ್ಯಾಮೆರಾದ ಚೀಲ ಇತ್ತು.

“ಆ ಕಿಡ್ನಿ ಕಾಯಿಲೆಯ ಹುಡುಗಿಗೆ ಹಣ ಎತ್ತುವ ಜಾಹೀರಾತು ಎಂತಾಯ್ತು, ಉಜ್ವಲ್?” ಚೀಲದವನು ಕೇಳಿದ.

“ಎರಡು ನಮೂನೆ ಮಾಡಿ ಇಂಟರ್ನೆಟ್ಟಿಗೆ ಹಾಕಿದೆ ಮಾರಾಯ. ಅರ್ಧ ಜನಕ್ಕೆ ನಗುವ ಫೋಟೊ, ಉಳಿದವರಿಗೆ ಅಳುವದ್ದು.”

“ಯಾವುದು ಗೆದ್ದಿತು?”

“ಅಳುವದ್ದೇ. ನಗುವದ್ದನ್ನು ಯಾರೂ ಕ್ಲಿಕ್ ಮಾಡುವುದೇ ಇಲ್ಲ.”

“ಪಾಪ, ಚಂದ ನಗ್ತಾಳೆ ಅವಳು.”

“ಚಂದ ಕಟ್ಟಿಕೊಂಡು ಎಂತ ಮಾಡುವುದು? ಈಗ ಅಳುವದ್ದರಲ್ಲೇ ಎರಡು ಹಾಕಿ ನೋಡುವ. ಇನ್ನೂ ಜೋರಾಗಿ ಅಳುವದ್ದೊಂದು ಬೇಕು. ಸೂಜಿ ಚುಚ್ಚುವಾಗ ತೆಗಿ.”

“ಇವತ್ತು ಸೂಜಿ ಇಲ್ಲವಂತೆ. ಅವಳ ಅಮ್ಮ ಹೇಳಿದ್ರು.”

“ಹಾಗಾದ್ರೆ ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸುವ. ತನ್ನಷ್ಟಕ್ಕೇ ಅಳ್ತಾಳೆ.”

“ಆಯ್ತು. ಬೆಳಕು ಇರುವಾಗಲೇ ಮುಗಿಸುವ.”

ಹೋದ ವಾರ ಶಾಲೆಯ ಕಂಪ್ಯೂಟರಿನಲ್ಲಿ ಆ ಅಳುವ ಮುಖ ನೋಡಿ, ಮಕ್ಕಳಿಂದ ಚಂದಾ ಎತ್ತಿ ಕಳಿಸಿದವರು ಟೀಚರೇ.

“ಅವಳ ಅಮ್ಮನನ್ನು ಹೊರಗೆ ಕಳಿಸಬೇಡಿ,” ಎಂದರು ಗಟ್ಟಿಯಾಗಿ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಉಜ್ವಲ್ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. “ಅವಳ ಒಳ್ಳೆಯದಕ್ಕೇ ಅಲ್ವಾ ಮೇಡಂ?” ಎಂದು ನಕ್ಕ.

ಆಸ್ಪತ್ರೆಯ ಮುಂದೆ ಬಸ್ಸು ನಿಂತಿತು. ಅವನು ಎದ್ದು, “ಬನ್ನಿ, ಇಲ್ಲಿ ಕೂತುಕೊಳ್ಳಿ,” ಎಂದು ಮರ್ಯಾದೆಯಿಂದ ಜಾಗ ಬಿಟ್ಟು, ಗೆಳೆಯನ ಹಿಂದೆ ಇಳಿದುಹೋದ.

ಸೀಟು ಖಾಲಿಯೇ ಇತ್ತು. ಬೆಳ್ತಂಗಡಿಯವರೆಗೂ ಟೀಚರ್ ನಿಂತೇ ಹೋದರು.