ಪಾಪಯ್ಯನ ಎಡೆ

ಊಟ ಮಾಡ್ತಾ ಇರೋರು ಮೊದಲು ಮುಗಿಸಿ, ಕೈ ತೊಳ್ಕೊಂಡು ಬನ್ನಿ. ಆಮೇಲೆ ನನ್ನ ಬೈಬೇಡಿ. ಇದು ನಮ್ಮ ದೊಡ್ಡಮ್ಮನ ಮಗ ಮನೂಗೆ ಆಗಿದ್ದು.

ಹೋದ ವರ್ಷ, ಮಹಾಲಯ ಅಮಾವಾಸ್ಯೆ ರಾತ್ರಿ, ಹತ್ತೂವರೆ. ಪುಟ್ಟೇನಹಳ್ಳಿ ಕೆರೆ ಹಿಂದಿನ ಸಂದಿಯಲ್ಲಿ ಮನು ಒಬ್ಬನೇ ಮನೆ ಕಡೆ ನಡೀತಿದ್ದ. ಎಡಕ್ಕೆ ಪಾಪಯ್ಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಅದರ ಕಾಂಪೌಂಡು ಮೂಲೆಯಲ್ಲಿ ಹಳೇ ಬಾವಿ. ಈಗ ಬಾವಿ ಅನ್ನೋದು ಬರೀ ಹೆಸರಿಗೆ, ಇಡೀ ಏರಿಯಾದ ಕಸ ಅದರೊಳಗೆ. ಡೈಪರ್ರು, ಕೋಳಿ ಪುಕ್ಕ, ಕೊಳೆತ ಹೂವು... ಆದ್ರೂ ಮನು ಮೂಗು ಮುಚ್ಚಲಿಲ್ಲ. ಕೈಯಲ್ಲಿದ್ದ ಕವರಿನಿಂದ ಬೋಟಿ ಗೊಜ್ಜು ಘಮ್ ಅಂತಿತ್ತು.

ಆ ಬೋಟಿ ಅವನದಲ್ಲ. ಪಾಪಯ್ಯಂದು.

ಪಾಪಯ್ಯ ಸತ್ತು ಐವತ್ತು ವರ್ಷದ ಮೇಲಾಯ್ತು. ಶಾಲೆಗೆ ಜಾಗ ಕೊಟ್ಟೋನು, ಅದಕ್ಕೇ ಬೋರ್ಡಲ್ಲಿ ಅವನ ಹೆಸರು. ಹೆಂಡತಿ ಮಕ್ಕಳಿಲ್ಲ. ಹಾಗಾಗಿ ಪಿತೃಗಳ ಹಬ್ಬದಲ್ಲಿ ಅವನಿಗೆ ಎಡೆ ಇಡೋದು ಶಾಲೆಯ ಬಿಸಿಯೂಟ ಬೇಯಿಸೋ ಸೊಣ್ಣಮ್ಮ. ಮನೂಗೆ ಸ್ವಂತ ಅಜ್ಜಿ. ಒಂದನೇ ಕ್ಲಾಸಿನ ರೂಮಲ್ಲಿ ಅವನ ಫೋಟೋ ಮುಂದೆ ಬಾಳೆಲೆ ಹಾಸಿ, ಮುದ್ದೆ, ಬೋಟಿ ಗೊಜ್ಜು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರ್ತಾಳೆ. ಸತ್ತೋರು ಬಂದು ಉಣ್ಣೋ ತನಕ ಯಾರೂ ಇಣುಕಬಾರದು.

ಅವತ್ತು ಸಂಜೆ ಮನು ಇಣುಕಲಿಲ್ಲ. ಹಿಂದಿನ ಕಿಟಕಿಯ ಕಂಬಿ ಬಗ್ಗಿಸಿ ಇಳಿದೇಬಿಟ್ಟ.

ಎಡೆಯನ್ನ ಕವರಿಗೆ ಸುರಿದುಕೊಂಡ. ಎಲೆ ಮೇಲೆ ಒಂದು ಮೆಸ್ಸಿನ ಹಿಂದೆ ಸಿಕ್ಕಿದ ಮೂರು ದಿನದ ಚಿತ್ರಾನ್ನ ಸುರಿದ. ಲೋಳೆ ಲೋಳೆ. ಎಳೆದ್ರೆ ನೂಲು ಬರ್ತಿತ್ತು. ಒಂದೆರಡು ಬಿಳೀ ಹುಳ ಅದರ ಮೇಲೆ ಸೊಂಟ ಕುಣಿಸ್ತಿದ್ವು. ಅಜ್ಜಿ ಬಾಗಿಲು ತೆಗೆದು ಕಿಟಾರನೆ ಕಿರುಚೋದನ್ನ ವೀಡಿಯೋ ಮಾಡಿ ಫ್ರೆಂಡ್ಸ್ ಗ್ರೂಪಿಗೆ ಹಾಕೋದು ಪ್ಲಾನು.

ಅಜ್ಜಿ ಬಾಗಿಲು ತೆಗೆದಳು. ಕಿರುಚಲಿಲ್ಲ.

"ನೋಡ್ಲಾ ಮನು, ಈ ವರ್ಷ ಒಂದಗುಳೂ ಬಿಟ್ಟಿಲ್ಲ!"

ಎಲೆ ನೆಕ್ಕಿದ ಹಾಗೆ ಚೊಕ್ಕ. ಹೆಗ್ಗಣ ತಿಂದಿರಬೇಕು ಅಂದ್ಕೊಂಡ ಮನು. ಅಜ್ಜಿ ಮನೆಗೆ ಹೋದ ಮೇಲೆ ಬಚ್ಚಿಟ್ಟಿದ್ದ ಕವರು ಎತ್ಕೊಂಡು ಹೊರಟ.

ಬಾವಿ ಹತ್ತಿರ ಬಂದಾಗ ಒಂದು ತುಂಡು ಬಾಯಿಗೆ ಹಾಕಿದ. ಸಖತ್. ಇನ್ನೊಂದು... ಅದೂ ಸಖತ್. ಮೂರನೇದು ಹಲ್ಲಿನ ಮಧ್ಯೆ ಪಿಚಕ್ ಅಂತು. ಬಾಯಿ ತುಂಬಾ ಮೋರಿ ನೀರು. ಥೂ!

ಆಗ ಬಾವಿ ಒಳಗಿಂದ ಸದ್ದು. ಒವ್ಯಾಕ್... ಒವ್ಯಾಕ್... ಯಾರೋ ವಯಸ್ಸಾದೋರು ಕರುಳು ಕಿತ್ತು ಬರೋ ಹಾಗೆ ವಾಂತಿ ಮಾಡೋ ಸದ್ದು. ಆಮೇಲೆ ಮೆಲ್ಲಗೆ...

"ಹಳಸಿತ್ತು ಕಣಪ್ಪ..."

ಮನು ಚಪ್ಪಲಿ, ಕವರು ಎರಡೂ ಬಿಟ್ಟು ಓಡಿದ.

ಮಾರನೇ ದಿನದಿಂದ ಬಾಯಿಗಿಟ್ಟಿದ್ದೆಲ್ಲಾ ಹಳಸಿತ್ತು. ಇಡ್ಲಿ ಕಚ್ಚಿದ್ರೆ ಒದ್ದೆ ಸಾಕ್ಸ್. ಕಾಫಿ ಅಂದ್ರೆ ಇಲಿ ಸತ್ತ ಸಂಪಿನ ನೀರು. ಜೆ.ಪಿ. ನಗರದ ಡಾಕ್ಟ್ರು ಗ್ಯಾಸ್ಟ್ರಿಕ್ಕು ಅಂದ್ರು. ಅವರು ಕೊಟ್ಟ ಮಾತ್ರೆಯೂ ಹಳಸಿತ್ತು! ನಾಲ್ಕು ದಿನ ಗಂಟಲಿಂದ ಏನೂ ಇಳೀಲಿಲ್ಲ. ಐದನೇ ದಿನ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದ. ಎತ್ತಿ ಕೂರಿಸಿದ ಅಜ್ಜಿಗೆ ಎಲ್ಲಾ ಒದರಿಬಿಟ್ಟ.

ಅಜ್ಜಿ ಮೊದಲು ಕೆನ್ನೆಗೊಂದು ಬಿಟ್ಟಳು. ಆಮೇಲೆ ದನಿ ತಗ್ಗಿಸಿದಳು.

"ಮುಂಡೇದೇ, ಯಾರಿಗೆ ಏನಿಕ್ಕಿದೀಯ ಗೊತ್ತೇನ್ಲಾ? ಸ್ಕೂಲಿಗೆ ಜಾಗ ಬರಕೊಟ್ಟ ಅಂತ ಅವನ ತಮ್ಮನ ಮಕ್ಕಳಿಗೆ ಹೊಟ್ಟೆ ಉರಿ. ಮುದುಕ ಹಾಸಿಗೆ ಹಿಡಿದ ಮೇಲೆ ದಿನಾ ಹಳಸಿದ್ದೇ ಹಾಕೋರು. ಬೂಷ್ಟು ಹಿಡಿದ ಮುದ್ದೆ. ನಾಯಿ ಮೂಸಿ ಬಿಟ್ಟ ಸಾರು. ನಾನಾಗ ಒಂದನೇ ಕ್ಲಾಸು, ಕಣ್ಣಾರೆ ನೋಡಿದೀನಿ. ಸತ್ತಾಗಲೂ ಬಾಯಲ್ಲಿ ಹಳಸಿದ ತುತ್ತೇ ಇತ್ತು... ನುಂಗಿರಲಿಲ್ಲ."

"ನಾನು ಸಾಯ್ತೀನಾ ಅಜ್ಜಿ?"

"ನಿನ್ನ ಕೈಯಾರೆ ಮಾಡಿ ಇಕ್ಕು. ಅವನು ಉಂಡ್ರೆ ನೀನೂ ಉಣ್ತೀಯ. ಉಣ್ಣಲಿಲ್ಲ ಅಂದ್ರೆ..."

ಅವತ್ತೇ ಬೋಟಿ ಬಂತು. ಬೋಟಿ ತಿನ್ನೋದು ಬೇರೆ, ತೊಳೆಯೋದು ಬೇರೆ ಗುರು. ಕರುಳನ್ನ ಕಡ್ಡಿಗೆ ಸಿಕ್ಕಿಸಿ ಒಳಗಿಂದು ಹೊರಗೆ ಮಾಡಬೇಕು. ಕುರಿ ಅರ್ಧ ಅರಗಿಸಿದ ಹುಲ್ಲು ಹಸಿರಾಗಿ, ಬೆಚ್ಚಗೆ, ಪಿಚಪಿಚ ಅಂತ ಬೆರಳ ಸಂದಿಗೆ ಬರುತ್ತೆ. ಮನು ತೊಳೆದ, ವಾಕರಿಸಿದ, ಮತ್ತೆ ತೊಳೆದ. ಏಳು ನೀರು. ಅಜ್ಜಿ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿದಳೇ ಹೊರತು ಕೈ ಹಚ್ಚಲಿಲ್ಲ.

ರಾತ್ರಿ ಎಂಟಕ್ಕೆ ಶಾಲೆಯ ಅದೇ ರೂಮಲ್ಲಿ ಎಡೆ ಇಟ್ಟು, ಬಾಗಿಲು ಮುಚ್ಚಿ, ಇಬ್ಬರೂ ಮೆಟ್ಟಿಲ ಮೇಲೆ ಕೂತ್ರು. ಒಂಬತ್ತಾದ್ರೂ ಏನಿಲ್ಲ. ಆಮೇಲೆ ಒಳಗೆ ಕರ್ರ್... ಬೆಂಚು ಸರಿದ ಸದ್ದು. ಚಪ್... ಚಪ್... ನಿಂತುಹೋಯ್ತು.

"ಉಪ್ಪು..."

ಮನು ಅಜ್ಜಿ ಮುಖ ನೋಡಿದ. ಗೊಜ್ಜಿಗೆ ಉಪ್ಪು ಹಾಕೋದೇ ಮರೆತಿದ್ದ. ನಾಲಗೆ ನೆಟ್ಟಗಿದ್ರೆ ತಾನೇ ಗೊತ್ತಾಗೋದು.

"ತಗೊಂಡ್ ಹೋಗು," ಪಿಸುಗುಟ್ಟಿದಳು ಅಜ್ಜಿ.

"ನೋಡಬಾರದು ಅಂತೀಯಲ್ಲ!"

"ಕಣ್ಣು ಮುಚ್ಕೊಂಡ್ ಹೋಗ್ಲಾ."

ಅಡುಗೆ ಕೋಣೆಯಿಂದ ಉಪ್ಪು ತಂದು, ಕಣ್ಣು ಮುಚ್ಚಿ ಒಳಗೆ ಹೋಗಿ, ಅಂಗೈ ಚಾಚಿ ನಿಂತ. ಕೊಳೆತ ಚಿತ್ರಾನ್ನದ ಉಸಿರು ಮುಖಕ್ಕೆ ಬಡೀತು. ತಣ್ಣನೆ ಬೆರಳು, ಗೊಜ್ಜು ಮೆತ್ತಿದ್ದು, ಅಂಗೈಯಿಂದ ಒಂದು ಚಿಟಿಕೆ ತಗೊಂಡವು. ಉಗುರು ಕೆರೀತು. ಆಮೇಲೆ ಮಿಕ್ಕಿದ್ದನ್ನ... ಬೆರಳಲ್ಲ. ನಾಲಗೆ. ಎಮ್ಮೆ ನಾಲಗೆ ಥರ ಒರಟು. ಅಂಗೈ ಪೂರ್ತಿ ನೆಕ್ಕಿತು. ಜೊಲ್ಲು ಮೊಣಕೈ ತನಕ ಇಳೀತು.

ಹೊರಗೆ ಬಂದು ಮನು ಕೈಯನ್ನ ದೂರ ಹಿಡ್ಕೊಂಡು ಕೂತ, ಅದು ತನ್ನದೇ ಅಲ್ಲ ಅನ್ನೋ ಹಾಗೆ. ಒಳಗೆ ಚಪ್ ಚಪ್... ಸೊರ್... ಕೊನೆಗೆ ದೊಡ್ಡದೊಂದು ತೇಗು. ಡೇಏಏವ್.

ಅಜ್ಜಿ ಮೂರು ಸಲ ಬಾಗಿಲು ತಟ್ಟಿ ತೆಗೆದಳು.

ಎಲೆ ಅರ್ಧ ಖಾಲಿ. ಅರ್ಧ ಅಂದ್ರೆ ಅರ್ಧ. ನಡುವೆ ಬೆರಳಲ್ಲಿ ಗೆರೆ ಎಳೆದ ಹಾಗೆ. ಈ ಕಡೆ ಅರ್ಧ ಮುದ್ದೆ, ಅರ್ಧ ಗೊಜ್ಜು, ಅದರ ಮೇಲೆ ಜೊಲ್ಲಿನ ನೊರೆ.

"ನಿನಗೇ ಬಿಟ್ಟವ್ನೆ ಕಣೋ. ಪಾಪ, ಹಸಿದೋನ ಕಷ್ಟ ಅವನಿಗೆ ಗೊತ್ತು. ತಿನ್ನು."

"ಎಂಜಲು ಅಜ್ಜಿ..."

"ಹೂಂ, ಎಂಜಲೇ. ತಿನ್ನು."

ಮನು ಮುದ್ದೆ ಮುರಿದ. ನೊರೆಯಲ್ಲೇ ಅದ್ದಿದ. ಕಣ್ಣು ಮುಚ್ಚಿ ನುಂಗಿದ. ಹಳಸುತ್ತೆ, ಈಗ ಹಳಸುತ್ತೆ ಅಂತ ಕಾದ... ಇಲ್ಲ. ರಾಗಿ ರಾಗಿಯಾಗೇ ಇತ್ತು. ಬೋಟಿ ಬೋಟಿಯಾಗೇ ಇತ್ತು. ಗೊಳೋ ಅಂತ ಅಳ್ತಾ ಎಲೆ ಬಳಿದು ತಿಂದ.

ನಾನು ಹೇಳೋದೆಲ್ಲಾ ತಮಾಷೆ ಅಂತೀರ, ಗೊತ್ತು. ಇದಲ್ಲ. ಅವನು ತಿಂದಾಗ ಗಂಟೆ ಒಂಬತ್ತೂವರೆ, ಎಡೆ ಇಟ್ಟು ಒಂದೂವರೆ ಗಂಟೆ ಆಗಿತ್ತು, ಮುದ್ದೆ ಯಾವಾಗಲೋ ಆರಿ ತಣ್ಣಗಾಗಿರಬೇಕಿತ್ತು. ಆ ಮುದ್ದೆ ಮುರಿದ ಅವನ ಎರಡು ಬೆರಳು ಸುಟ್ಟು ಬೊಬ್ಬೆ ಎದ್ದಿದ್ವು. ಮುಲಾಮು ಹಚ್ಚಿದೋನು ನಾನೇ.