ಗೆದ್ದ ಕಷ್ಟದ ಕಥೆ

ಕೆನಡಾದ ಥಂಡರ್ ಬೇ ಊರಿನ ಸಿಟಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಕುಳಿತಿದ್ದರು. ಬ್ಯಾಂಕಿನ ಇಂಟರ್‌ವ್ಯೂಗೆ ಹೊರಟವಳು ಐಲಾ. ದಪ್ಪ ಜಾಕೆಟ್ಟಿನ ಒಳಗೆ ಯಾರದೋ ಕೋಟು ತೊಟ್ಟಿದ್ದಳು. ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸುತ್ತಿದ್ದವಳು ಅವಳ ಗೆಳತಿ ಬ್ರಿನ್. ಬೇಡವೆಂದರೂ ಮಾತು ನನ್ನ ಕಿವಿಗೆ ಬೀಳುತ್ತಿತ್ತು.

“ನೀವು ಎದುರಿಸಿ ಗೆದ್ದ ಒಂದು ಕಷ್ಟದ ಬಗ್ಗೆ ಹೇಳಿ.”

“ಪೇಪರ್ ಮಿಲ್ಲಲ್ಲಿ ಅಪ್ಪ ಮೇಲಿಂದ ಬಿದ್ರು. ಓದ್ತಾ ಓದ್ತಾನೇ ಅವರನ್ನ ನೋಡ್ಕೊಂಡೆ.”

“ಆಮೇಲೆ?”

“ಆಮೇಲೇನು, ಈಗ್ಲೂ ನೋಡ್ಕೋತಿದೀನಿ.”

“ಅಯ್ಯೋ ಮಾರಾಯ್ತಿ, ಅದಕ್ಕೇ ಕಣೇ ಯಾರೂ ನಿನ್ನ ತಗೋತಿಲ್ಲ. ಮುಗೀದೇ ಇರೋ ಕಷ್ಟ ಅವರಿಗ್ಯಾಕೆ? ಗೆದ್ದಿದ್ದು ಹೇಳು.”

“ಏನೇ ಗೆದ್ದಿದೀನಿ ನಾನು?”

“ಅಪ್ಪ ಈಗ ಎದ್ದು ಓಡಾಡ್ತಾರೆ ಅನ್ನು.”

“ನಿನ್ನೆ ಅಪ್ಪಾನೂ ಅದನ್ನೇ ಅಂದ್ರು. ಮಲಗಿದ್ದಲ್ಲಿಂದಲೇ ಪ್ರಶ್ನೆ ಕೇಳ್ತಿದ್ರು. ‘ಹಿಂಗಂದ್ರೆ ಕೆಲಸ ಸಿಗಲ್ಲ ಮಗಳೇ, ಅಪ್ಪ ಓಡಾಡ್ತಾನೆ ಅಂದ್ಬಿಡು’ ಅಂದ್ರು. ಅವರ ಮುಂದೆ ಹಂಗನ್ನೋಕೆ ನಂಗೆ ಬಾಯೇ ಬರ್ಲಿಲ್ಲ.”

ಬ್ರಿನ್ ಕಿಟಕಿಯ ಮಂಜು ಒರೆಸಿದಳು.

“ಈಗ ಹೇಳು. ನಗ್ತಾ ಹೇಳು.”

“ಅಪ್ಪ ಈಗ ಎದ್ದು ಓಡಾಡ್ತಾರೆ.”

“ಇನ್ನೊಂದ್ಸಲ.”

“ಅಪ್ಪ ಈಗ ಎದ್ದು ಓಡಾಡ್ತಾರೆ. ಬೆಳಗ್ಗೆ ಕಾಫಿ ಅವರೇ ಮಾಡ್ಕೋತಾರೆ.”

ಬ್ಯಾಂಕಿನ ಸ್ಟಾಪು ಬಂತು. ಇಬ್ಬರೂ ಎದ್ದರು.

“ಕಾಫಿ ವಿಷಯ ಚೆನ್ನಾಗಿದೆ ಕಣೇ! ಅದನ್ನ ನಾನು ಹೇಳ್ಕೊಡ್ಲಿಲ್ವಲ್ಲ?”

“ಅದು ಅಪ್ಪ ಸೇರಿಸಿದ್ದು” ಎನ್ನುತ್ತ ಐಲಾ ಹಿಮಕ್ಕೆ ಇಳಿದಳು.